ಬೀಗರಿಗೆ ತೋರಿಸುವ ಮುಖ

ಕೆಂಪಾಪುರದಿಂದ ದೊಡ್ಡಾಸ್ಪತ್ರೆಗೆ ಹೋಗಬೇಕೆಂದರೆ ಹೆಬ್ಬಾಳದ ಫ್ಲೈಓವರ್ ದಾಟಬೇಕು. ಬೆಳಿಗ್ಗೆ ಹೊರಟವರು ಊಟದ ಹೊತ್ತಿಗೆ ಚೀಟಿ ಮಾಡಿಸಿದರೆ ಪುಣ್ಯ. ತುಂಬು ಬಸುರಿಯನ್ನು ಆಟೋದಲ್ಲಿ ಕೂರಿಸಿಕೊಂಡು ಆ ಟ್ರಾಫಿಕ್ಕಿನಲ್ಲಿ ಒದ್ದಾಡುವುದು ಯಾರಿಗೆ ಬೇಕು ಹೇಳಿ? ಅದಕ್ಕೇ, ಮಗಳು ಕೀರ್ತಿಯನ್ನು ಡಾಕ್ಟರಿಗೆ ಫೋನಿನಲ್ಲೇ ತೋರಿಸಬಹುದು ಎಂದು ಆಶಾ ಕಾರ್ಯಕರ್ತೆ ಜೈಬುನ್ನೀಸಾ ಹೇಳಿದಾಗ ರತ್ನವ್ವ ಹಿರಿಹಿರಿ ಹಿಗ್ಗಿದರು. ನಾನು ದಾಕ್ಷಾಯಣಿ, ಅವರ ಪಕ್ಕದ ಮನೆಯವಳು. ನಡೆದದ್ದನ್ನೆಲ್ಲ ನೋಡಿದವಳು.

ರತ್ನವ್ವನವರದು ಹಾವೇರಿ ಕಡೆ. ಗಂಡನ ಕೆಲಸಕ್ಕೆಂದು ಬಂದು ಇಲ್ಲೇ ನಿಂತವರು. ಕೀರ್ತಿಯನ್ನು ಊರ ಕಡೆಗೇ ಕೊಟ್ಟಿದ್ದಾರೆ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ದಿನ ಬೆಳಗಾದರೆ ಬೀಗರ ವಿಡಿಯೊ ಕಾಲ್. ಸೊಸೆಯನ್ನು ಸರಿಯಾಗಿ ನೋಡಿಕೊಳ್ಳುತ್ತಿದ್ದಾರಾ ಎಂದು ಬೀಗತಿಯ ವಿಚಾರಣೆ. ಹೀಗಾಗಿ ಆ ಮನೆಯಲ್ಲಿ ಒಂದು ಪದ್ಧತಿಯೇ ಬೆಳೆದಿತ್ತು. ಫೋನು ಬಂತೆಂದರೆ ರತ್ನವ್ವ ಮಗಳ ಮುಖಕ್ಕೆ ಪೌಡರ್ ಹಚ್ಚುವುದು, ಹಸಿರು ಬಳೆ ಕಾಣುವ ಹಾಗೆ ಕೂರಿಸುವುದು, ಪಾದ ಮುಚ್ಚುವಂತೆ ಸೀರೆ ಇಳಿಬಿಡುವುದು. ಆ ಕಡೆಯವರು ಏನೇ ಕೇಳಲಿ, ಚಲೋ ಅದಾಳ್ರಿ ಎನ್ನುವುದು.

ಡಾಕ್ಟರಮ್ಮನಿಗೆ ತೋರಿಸಿದ ದಿನವೂ ಅದೇ ಆಯಿತು ನೋಡಿ. ಕೀರ್ತಿ ಕಿಟಕಿಗೆ ಬೆನ್ನು ಹಾಕಿ ಕೂತಿದ್ದಳು, ಪರದೆಯ ಮೇಲೆ ಬರೀ ಕಪ್ಪು ನೆರಳು. ಜೈಬುನ್ನೀಸಾ ಫೋನು ತಿರುಗಿಸಿದರೆ ಫ್ಯಾನು. ಇನ್ನೊಂದು ಕಡೆ ತಿರುಗಿಸಿದರೆ ನಾನು. ಎಷ್ಟು ತಿಂಗಳಮ್ಮ ಎಂದು ಡಾಕ್ಟರಮ್ಮ ನನ್ನನ್ನೇ ಕೇಳಿದರು. ನನಗೆ ಮೊಮ್ಮಗಳಿದ್ದಾಳೆ, ಏನಂತ ಹೇಳಲಿ? ತಲೆನೋವಿದೆಯಾ ಎಂದು ಕೇಳಿದರೆ ಕೀರ್ತಿ ಬಾಯಿ ತೆರೆಯುವ ಮೊದಲೇ ರತ್ನವ್ವ ಏನೂ ಇಲ್ಲ ಎಂದರು. ಮುಖ ಊದಿದೆಯಾ ಎಂದರೆ, ತವರಿನ ಊಟ, ಮೈತುಂಬಿಕೊಂಡಿದ್ದಾಳೆ ಎಂದರು. ಬಿಪಿ ಪಟ್ಟಿಯನ್ನು ಜೈಬುನ್ನೀಸಾ ರೇಷ್ಮೆ ಕುಪ್ಪಸದ ತೋಳಿನ ಮೇಲೆಯೇ ಸುತ್ತಿದ್ದರು. ಮೆಷಿನ್ನು ಒಮ್ಮೆ ಒಂದು ತೋರಿಸಿತು, ಇನ್ನೊಮ್ಮೆ ಇನ್ನೊಂದು. ಡಾಕ್ಟರಮ್ಮ ಏನೋ ಹೇಳುತ್ತಿರುವಾಗಲೇ ಕಾಲ್ ಕಟ್ಟಾಯಿತು. ಆಸ್ಪತ್ರೆಗೆ ಹೋಗಬೇಕೋ ಬೇಡವೋ, ನಮಗೆ ಯಾರಿಗೂ ಬಗೆಹರಿಯಲಿಲ್ಲ. ಜೈಬುನ್ನೀಸಾ ಮತ್ತೆ ಮತ್ತೆ ಪ್ರಯತ್ನಿಸಿದರೂ ಲೈನ್ ಸಿಗಲಿಲ್ಲ. ಡಾಕ್ಟರು ನೋಡಿಯಾಯಿತಲ್ಲ ಎಂದು ರತ್ನವ್ವ ಮಾತ್ರ ನಿಶ್ಚಿಂತೆಯಾಗಿ ಒಳಗೆ ಹೋದರು.

ಮಾರನೆಯ ದಿನ ಜೈಬುನ್ನೀಸಾಗೆ ಹೆಬ್ಬಾಳದಲ್ಲಿ ತರಬೇತಿ ಇತ್ತು. ಫೋನಿನಲ್ಲಿ ರೋಗಿಯನ್ನು ಡಾಕ್ಟರಿಗೆ ತೋರಿಸುವುದು ಹೇಗೆಂದು ಆಶಾದವರಿಗೂ ನರ್ಸುಗಳಿಗೂ ಕಲಿಸುತ್ತಾರಂತೆ. ಕೇಳಿ ರತ್ನವ್ವ ನಕ್ಕರು. "ಫೋನ್ ಹಿಡಿಯಾಕೂ ಟ್ರೇನಿಂಗ್ ಬೇಕೇನ್ರಿ? ನಾ ದಿನಾ ಹಿಡೀತೀನಿ."

ಜೈಬುನ್ನೀಸಾಗೂ ಅಷ್ಟೇನೂ ಮನಸ್ಸಿರಲಿಲ್ಲ. ಇಷ್ಟು ವರ್ಷ ಮನೆಮನೆ ತಿರುಗಿದವಳಿಗೆ ಇನ್ನೇನು ಕಲಿಸುತ್ತಾರೆ ಎಂದು ಗೊಣಗಿಕೊಂಡೇ ಬಸ್ಸು ಹತ್ತಿದ್ದರು. ಅಲ್ಲಿ ಭಾಗ್ಯಶ್ರೀ ಎಂಬ ನರ್ಸು ಇವರನ್ನು ಪಕ್ಕದ ಕೋಣೆಯಲ್ಲಿ ಕೂರಿಸಿ, ಈಗ ನೀವೇ ಡಾಕ್ಟರು, ಪರದೆ ನೋಡಿ ರೋಗಿಗೆ ಏನಾಗಿದೆ ಹೇಳಿ ಎಂದರಂತೆ. ಆಚೆ ಕೋಣೆಯಲ್ಲಿ ಉಳಿದ ಆಶಾದವರು ಫೋನು ಹಿಡಿದಿದ್ದರು. ಪರದೆಯಲ್ಲಿ ಯಾರದೋ ಗದ್ದ, ಆಮೇಲೆ ಟ್ಯೂಬ್‌ಲೈಟು, ಆಮೇಲೆ ನಾಲ್ಕು ಜನ ಒಟ್ಟಿಗೆ ಮಾತಾಡುವ ಗಲಾಟೆ. ರೋಗಿ ಯಾರೆಂದೇ ತಿಳಿಯಲಿಲ್ಲ. ಸಂಜೆ ಅವರು ತಮ್ಮ ಮನೆಗೂ ಹೋಗದೆ ನೇರ ನಮ್ಮ ಬೀದಿಗೆ ಬಂದರು. ಮುಖ ಸಪ್ಪಗಾಗಿತ್ತು.

"ಆ ಕಡೆ ಕೂತಾಗ್ಲೇ ಗೊತ್ತಾಗಿದ್ದು ಕಣ್ರೀ," ಎಂದರು ನನಗೆ. "ಫೋನಲ್ಲಿ ಡಾಕ್ಟರ್‌ಗೆ ಕೈಯಿಲ್ಲ. ನಮ್ಮ ಕೈಯೇ ಅವ್ರ ಕೈ. ನಿನ್ನೆ ನಾನು ಅವ್ರಿಗೆ ಏನೂ ತೋರಿಸ್ಲೇ ಇಲ್ಲ."

ಇನ್ನೊಮ್ಮೆ ತೋರಿಸಬೇಕು ಎಂದಾಗ ರತ್ನವ್ವ ಪೌಡರ್ ಡಬ್ಬಿ ತೆಗೆದರು. "ಬೇಡಮ್ಮ, ಅವ್ರು ನಿಮ್ಮ ಬೀಗ್ರಲ್ಲ," ಎಂದು ಜೈಬುನ್ನೀಸಾ ಡಬ್ಬಿ ಇಸಿದುಕೊಂಡರು. ತುಂಬು ಬಸುರಿಗೆ ಇಲ್ಲದ ಕಾಯಿಲೆ ಹೇಳಿದರೆ ದೃಷ್ಟಿಯಾಗುತ್ತದೆ ಎಂದು ರತ್ನವ್ವ ಮುಖ ಗಂಟಿಕ್ಕಿದರು. ದೃಷ್ಟಿ ಆಮೇಲೆ ತೆಗೆಯಿರಿ ಎಂದು ಜೈಬುನ್ನೀಸಾ ಕೀರ್ತಿಯ ಮುಖ ತೊಳೆಸಿದರು, ಬೆಳಕು ಮುಖಕ್ಕೆ ಬೀಳುವ ಹಾಗೆ ಕೂರಿಸಿದರು. ಡಾಕ್ಟರಮ್ಮನ ಲೈನ್ ಸಿಕ್ಕ ಕೂಡಲೇ, ಮತ್ತೆ ಕಟ್ಟಾದರೆ ಎಂದು ಇನ್ನೊಂದು ನಂಬರನ್ನೂ ಅವರಿಗೆ ಕೊಟ್ಟರು. ಆಮೇಲೆ, ನಿನ್ನನ್ನು ತೋರಿಸಲಾ, ಹತ್ತಿರ ಯಾರಿರಬೇಕು ಎಂದು ಕೀರ್ತಿಯನ್ನೇ ಕೇಳಿದರು. ಹುಡುಗಿ ತಾಯಿಯತ್ತ ತಿರುಗಿದಳು.

"ಅವ್ವಾ, ನೀ ಒಂಚೂರು ಹೊರಗ ಕುಂದ್ರು."

ರತ್ನವ್ವನಿಗೆ ದಿಕ್ಕು ತೋಚಲಿಲ್ಲ. ತಾಯಿಯ ಮುಂದೆ ಹೇಳಲಾಗದ್ದು ಏನಿದೆ ಎಂದು ನನ್ನ ಮುಖ ನೋಡಿದರು. ನನಗೂ ಅರ್ಥವಾಗಲಿಲ್ಲ. ಇಬ್ಬರೂ ಬಾಗಿಲಾಚೆ ಕೂತೆವು. ಒಳಗಿನಿಂದ ಕೀರ್ತಿಯ ಸಣ್ಣ ದನಿ ಕೇಳಿಸಿತು. ತಲೆ ಒಡೆದುಹೋಗುವ ನೋವಂತೆ. ಕಣ್ಣ ಮುಂದೆ ಮಿಂಚು ಮಿಂಚು ಕಾಣುತ್ತದಂತೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಡಾಕ್ಟರಮ್ಮ ಕೇಳಿದರು.

"ಹೇಳಿದ್ರ ಅತ್ತಿಮನಿಗೆ ಗೊತ್ತಾಗತೈತ್ರಿ. ತವರಾಗ ನೋಡ್ಕೊಳ್ಳಿಲ್ಲ ಅಂತಾರ. ನಮ್ಮವ್ವ ನೊಂದ್ಕೊಂತಾಳ."

ರತ್ನವ್ವ ಸೆರಗು ಬಾಯಿಗೆ ಒತ್ತಿಕೊಂಡರು.

ಜೈಬುನ್ನೀಸಾ ಕೀರ್ತಿಯನ್ನು ಮಾತಾಡಿಸದೆ ಸುಮ್ಮನೆ ಕೂರಿಸಿ, ಬರಿ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದರು. ತುಂಬಾ ಏರಿತ್ತು. ಸೀರೆ ಸರಿಸಿ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿ ಡಾಕ್ಟರಮ್ಮನಿಗೆ ತೋರಿಸಿದರು. ಬೆರಳು ತೆಗೆದರೂ ಗುಳಿ ಹಾಗೇ ಉಳಿಯಿತು. ಇನ್ನು ಫೋನಿನ ಕೆಲಸವಲ್ಲ, ಈಗಲೇ ಕರೆತನ್ನಿ ಎಂದರು ಡಾಕ್ಟರಮ್ಮ. ಜೈಬುನ್ನೀಸಾ ಆ ಮಾತನ್ನು ಅವರಿಗೇ ತಿರುಗಿ ಹೇಳಿ ಖಚಿತ ಮಾಡಿಕೊಂಡರು, ರತ್ನವ್ವನನ್ನು ಕರೆದು ಅವರ ಬಾಯಲ್ಲೂ ಹೇಳಿಸಿದರು, ಆಮೇಲೆ 108ಕ್ಕೆ ಫೋನು ಮಾಡಿದರು.

ತಡವಾಗಿದ್ದರೆ ಫಿಟ್ಸ್ ಬಂದು ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯವಿತ್ತೆಂದು ಆಸ್ಪತ್ರೆಯಲ್ಲಿ ಹೇಳಿದರು. ಈಗ ಇಬ್ಬರೂ ಕ್ಷೇಮ. ಹೆಣ್ಣುಮಗು, ಸ್ವಲ್ಪ ಸಣ್ಣದು, ಆದರೆ ಗಂಟಲು ಜೋರು.

ಮನೆಗೆ ಬಂದ ದಿನ ಬೀಗರ ವಿಡಿಯೊ ಕಾಲ್ ಬಂತು. ರತ್ನವ್ವನ ಕೈ ಪೌಡರ್ ಡಬ್ಬಿಯತ್ತ ಹೋಗಿ ಹಿಂದಕ್ಕೆ ಬಂತು. ಮಗಳ ಬಾಡಿದ ಮುಖವನ್ನು ಹಾಗೇ ತೋರಿಸಿದರು. "ಭಾಳ ಕಷ್ಟ ಆಗಿತ್ರಿ. ನಿಮಗ ಹೇಳಾಕ ಅಂಜಿದ್ವಿ." ಆ ಕಡೆ ಬೀಗತಿ ಅಳುತ್ತಿದ್ದರು. "ನಾ ದಿನಾ ಫೋನ್ ಮಾಡಿದ್ದು ಯಾಕ್ರವಾ ಮತ್ತ?" ಎಂದರು. ರತ್ನವ್ವ ಫೋನನ್ನು ಮಗಳ ಕೈಗೇ ಕೊಟ್ಟರು.

ಅಕ್ಕ ತಂಗಿಯರೇ, ನಿಮ್ಮ ಬೀದಿಯ ಆಶಾ ಕಾರ್ಯಕರ್ತೆ ತರಬೇತಿಗೆ ಹೋಗುತ್ತೇನೆಂದರೆ ನಗಬೇಡಿ, ಹೋಗಿ ಬನ್ನಿ ಎನ್ನಿ. ಹೋಗದಿದ್ದರೆ ಯಾಕೆ ಹೋಗಿಲ್ಲ ಎಂದು ಕೇಳಿ. ಅವರು ಫೋನು ಹಿಡಿದು ಮನೆಗೆ ಬಂದಾಗ ರೋಗಿಯನ್ನೇ ಮಾತಾಡಲು ಬಿಡಿ, ಹೊರಗೆ ಇರಿ ಎಂದರೆ ಇರಿ. ಬಸುರಿಗೆ ತಲೆನೋವು, ಕಣ್ಣು ಮಂಜು, ಮುಖ ಕೈ ಊತ ಕಂಡರೆ ಫೋನಿಗೂ ಕಾಯದೆ ಆಸ್ಪತ್ರೆಗೆ ಹೊರಡಿ. ಚಲೋ ಅದಾಳ್ರಿ ಎನ್ನುವ ಮೊದಲು ಅವಳನ್ನೊಮ್ಮೆ ಕೇಳಿ.