ಬೀಗರ ಮನೆಯ ಬ್ಯಾಟರಿ

ಹುಲ್ಲು ಕತ್ತರಿಸುವ ಯಂತ್ರ ಮೂರನೆಯ ಸಾಲಿನ ನಡುವೆ ನಿಂತುಬಿಟ್ಟಿತು. ರಾಜಪ್ಪ ಹಿಡಿಯನ್ನು ಬಿಟ್ಟು ಮತ್ತೆ ಒತ್ತಿದರು. ಅಡಿಯ ಅಲಗು ಒಮ್ಮೆ ಗುರ್ರೆಂದು ಸುತ್ತಿ ಸುಮ್ಮನಾಯಿತು. ಶಿಕಾರಿಪುರದ ಆ ಮನೆಯ ಮುಂದಿನ ಹುಲ್ಲು, ಕ್ಷೌರದ ನಡುವೆ ಎದ್ದುಹೋದವನ ತಲೆಯಂತೆ, ಒಂದಂಚಿನಲ್ಲಿ ಬೋಳಾಗಿ ಉಳಿದೆಡೆ ಕೆದರಿಕೊಂಡು ಕಾಣುತ್ತಿತ್ತು. ಭಾನುವಾರ ಇದೇ ಹುಲ್ಲಿನ ಮೇಲೆ ಮಗಳು ನಯನಳ ನಿಶ್ಚಿತಾರ್ಥ. ಅಂದು ಗುರುವಾರ.

ಗಂಡಿನ ಮನೆ ಸೊರಬದ ಕಡೆ, ಗುಡವಿ ಪಕ್ಷಿಧಾಮಕ್ಕೆ ಹೋಗುವ ದಾರಿಯಲ್ಲಿತ್ತು. ಬೀಗರಾಗಲಿದ್ದ ಜಯಪ್ಪನವರು ಹಕ್ಕಿ ನೋಡಲು ಬರುವವರಿಗಾಗಿ ಅಲ್ಲಿ ಹೋಮ್‌ಸ್ಟೇ ನಡೆಸುತ್ತಿದ್ದರು. ಅವರಲ್ಲೂ ಇಂಥದೇ ಬ್ಯಾಟರಿಯ ಯಂತ್ರವಿತ್ತು. ಮಾತುಕತೆ ಕೂಡಿಬಂದ ಹೊಸತರಲ್ಲಿ ಅವರ ಮಗ ತೀರ್ಥೇಶನೇ ಶಿವಮೊಗ್ಗದ ಒಂದೇ ಅಂಗಡಿಯಿಂದ ಎರಡು ಮನೆಗೂ ಕೊಡಿಸಿದ್ದ. ದೀಪಾವಳಿ ಕಳೆದ ಮೇಲೆ ಜಯಪ್ಪ ಫೋನು ಮಾಡಿ, ತಮ್ಮದು ಕೈಕೊಟ್ಟಿದೆಯೆಂದೂ ಅತಿಥಿಗಳು ಬರುವವರಿದ್ದಾರೆಂದೂ ಹೇಳಿ ರಾಜಪ್ಪನವರದನ್ನು ತರಿಸಿಕೊಂಡಿದ್ದರು. ಅದು ಹಿಂದಿರುಗಿದ್ದು ನಿನ್ನೆ ಸಂಜೆ. ಬ್ಯಾಟರಿ ತುಂಬಿಸಿಯೇ ಕಳಿಸಿದ್ದೇವೆ, ಏನನ್ನೂ ತೆಗೆಯದೆ ಹಾಗೇ ಓಡಿಸಿ ಎಂದು ತೀರ್ಥೇಶ ತಿಳಿಸಿದ್ದ.

ಈಗಲೂ ಫೋನಿಗೆ ಸಿಕ್ಕವನು ಅವನೇ. ಯಂತ್ರ ನಿಂತಿತೆಂದು ಹೇಳಿ ಮುಗಿಸುವ ಮೊದಲೇ, “ಬಿಚ್ಚಕ್ಕೆ ಹೋಗ್ಬೇಡಿ ಮಾವ, ವಾರಂಟಿ ಹೋಗ್ತದೆ. ನಾನೇ ಬರ್ತೀನಿ,” ಎಂದ. ಹೇಳಿದಂತೆಯೇ ಊಟದ ಹೊತ್ತಿಗಿಂತ ಮೊದಲೇ ಅವನ ಬೈಕು ಗೇಟಿನ ಮುಂದಿತ್ತು. ರಾಜಪ್ಪನವರಿಗೆ ಸಂತೋಷವಾಯಿತು. ಗೊಬ್ಬರದ ಅಂಗಡಿಯಲ್ಲಿ ಆಯುಷ್ಯ ಕಳೆದ ಅವರು ಕರೆದೊಡನೆ ಬರುವವರನ್ನು ಹೆಚ್ಚು ಕಂಡವರಲ್ಲ.

“ಅಳಿಯ ಅಂದ್ರ ಹಿಂಗಿರಬೇಕು ನೋಡು,” ಎಂದು ಹೆಂಡತಿ ಶೇಷಮ್ಮನಿಗೆ ಮೆಲ್ಲಗೆ ಹೇಳಿದರು.

“ಇನ್ನೂ ಆಗಿಲ್ಲ. ಕೊಬ್ರಿ ಒಣಾಕ ಹಾಕೀನಿ, ಸಂಭ್ರಮದಾಗ ತುಳದೀರಿ,” ಎಂದು ಶೇಷಮ್ಮ ಒಳಗೆ ಹೋದಳು.

ತೀರ್ಥೇಶ ಶ್ರದ್ಧೆಯಿಂದ ಕೆಲಸಕ್ಕೆ ಕುಳಿತ. ಯಂತ್ರ ಚಾಲೂ ಮಾಡುವ ಕೀಲಿಯನ್ನು ತೆಗೆದು, ಊದಿ, ಮತ್ತೆ ಹಾಕಿದ. ಹಿಡಿಯಿಂದ ಇಳಿದ ತಂತಿಯನ್ನು ಉದ್ದಕ್ಕೂ ಬೆರಳಿನಿಂದ ಸವರಿ ನೋಡಿದ. ಅಲಗಿಗೆ ಏನಾದರೂ ಸಿಕ್ಕಿಕೊಂಡಿರಬೇಕೆಂದು ಹೇಳಿ ಕೀಲಿ ಕಿತ್ತಿಟ್ಟ. ಇಬ್ಬರೂ ಕೂಡಿ ಯಂತ್ರವನ್ನು ಮಗುಚಿದರು.

ಆಗ ಬಂದ ನಾತಕ್ಕೆ ರಾಜಪ್ಪ ಮುಖ ತಿರುಗಿಸಿದರು. ಅಡಿಯ ಗೂಡಿನಲ್ಲಿ ಹಳೆಯ ಹುಲ್ಲು ಸಗಣಿಯಂತೆ ಮೆತ್ತಿಕೊಂಡು ಕೊಳೆತಿತ್ತು. ಅದರೊಳಗೆ ಗುಟಕಾ ಚೀಟಿಗಳು, ಕಚ್ಚಿ ಎಸೆದ ಕೋಳಿಮೂಳೆ, ಯಾರದೋ ಉದ್ದ ಕೂದಲಿನ ಸಿಕ್ಕು. ಕೋಲಿನಿಂದ ಕೆದಕಿದಾಗ ಬಿಳಿಯ ಹುಳುಗಳು ಬೆಳಕಿಗೆ ಹೆದರಿ ಹೊರಳಾಡಿದವು. ಎರವಲು ತಂದದ್ದನ್ನು ತಂದಾಗಿನದಕ್ಕಿಂತ ಚೊಕ್ಕವಾಗಿ ಹಿಂದಿರುಗಿಸುವ ಮನೆಯಲ್ಲಿ ಬೆಳೆದವರು ಅವರು.

“ನಿಮ್ಮ ಕಡೆ ಹುಲ್ಲು ಹಸಿ ಜಾಸ್ತಿ ಮಾವ, ಅದ್ಕೇ ಹಿಂಗಾಗ್ತದೆ,” ಎಂದ ತೀರ್ಥೇಶ.

ರಾಜಪ್ಪ ಮತ್ತೆ ಕೋಲು ಹಿಡಿದರು. ಕೆರೆದು, ತೊಳೆದು, ಯಂತ್ರವನ್ನು ನೆಟ್ಟಗೆ ನಿಲ್ಲಿಸಿದರೂ ಅದು ಓಡಲಿಲ್ಲ. ಬ್ಯಾಟರಿಯನ್ನೊಮ್ಮೆ ನೋಡಬಹುದಲ್ಲ ಎಂದು ಅವರು ಕೈ ನೀಡಿದಾಗ, ತೀರ್ಥೇಶನ ಅಂಗೈ ಆ ಮುಚ್ಚಳದ ಮೇಲೆ ಮೊದಲೇ ಇತ್ತು. ಬ್ಯಾಟರಿಯದೇನೂ ಇಲ್ಲ, ದೀಪ ಹತ್ತುತ್ತಿದೆ ಎಂದ. ನಯನ ಒದ್ದೆ ಬಟ್ಟೆಯಿಂದ ಒರೆಸಿರಬೇಕು, ಒಳಗೆ ನೀರಿಳಿದಿದೆ ಎಂದೂ ಹೇಳಿದ. ಜಗುಲಿಯಲ್ಲಿ ನಿಂತಿದ್ದ ನಯನ ಅಲ್ಲವೆನ್ನಲಿಲ್ಲ.

ಕೀಲಿ ಸರಿ, ತಂತಿ ಸರಿ, ಅಲಗು ಸರಿ. ಕಳೆಯುವುದನ್ನೆಲ್ಲ ಕಳೆದ ಮೇಲೆ ಉಳಿಯುವುದು ಒಂದೇ. ಅದರ ಮೇಲೆ ಈ ಹುಡುಗ ಕೈಯಿಟ್ಟು ಕುಳಿತಿದ್ದ.

ಅವನು ಕೈ ತೊಳೆಯಲು ಹಿತ್ತಲಿಗೆ ಹೋದಾಗ ರಾಜಪ್ಪ ಮುಚ್ಚಳ ಎತ್ತಿ ಬ್ಯಾಟರಿಯನ್ನು ಹೊರಗೆಳೆದರು. ಮೇಲ್ಭಾಗವನ್ನು ಚೆನ್ನಾಗಿ ಒರೆಸಲಾಗಿತ್ತು. ಆದರೆ ಬೆರಳು ತೂರುವ ಸಂದಿನಲ್ಲಿ ಕೆಮ್ಮಣ್ಣಿನ ಪಟ್ಟೆಯೂ, ಅದರ ಮೇಲೆ ಜೇಡಿಮಣ್ಣಿನ ಬಿಳಿ ಬೊಟ್ಟುಗಳೂ ಒಣಗಿ ನಿಂತಿದ್ದವು. ದೀಪಾವಳಿಯಲ್ಲಿ ದನದ ಮೈಗೂ ನೊಗಕ್ಕೂ ನೇಗಿಲಿಗೂ ಹಾಗೆ ಬಳಿಯುವುದು ಜಯಪ್ಪನವರ ಮನೆಯ ಪದ್ಧತಿ. ಶೇಷಮ್ಮ ಆಯುಧಪೂಜೆಗೆ ಗಂಧ ಕುಂಕುಮ ಇಡುವವಳು. ಈ ಮನೆಯಲ್ಲಿ ಕೆಮ್ಮಣ್ಣು ಕಲಸಿದ್ದೇ ಇಲ್ಲ. ಯಂತ್ರ ಸೊರಬಕ್ಕೆ ಹೋದದ್ದು ದೀಪಾವಳಿಯ ನಂತರ. ಬ್ಯಾಟರಿ ತಮ್ಮದಲ್ಲ.

ಕೆಟ್ಟದ್ದನ್ನು ಇಟ್ಟು ಒಳ್ಳೆಯದನ್ನು ಉಳಿಸಿಕೊಂಡಿದ್ದರು. ಕೇಳಲಿಲ್ಲ, ಹೇಳಲಿಲ್ಲ. ತಾಂಬೂಲ ಬದಲಾಗುವ ಮೊದಲೇ ಇದನ್ನು ಬದಲಿಸಿದ್ದರು. ಅದಕ್ಕಿಂತ ಹೇಸಿಗೆಯದೆಂದರೆ, ಈ ಹುಡುಗ ಅಷ್ಟು ದೂರದಿಂದ ಓಡಿಬಂದದ್ದು ರಿಪೇರಿಗಲ್ಲ, ಒಂದು ಮುಚ್ಚಳವನ್ನು ಕಾಯುವುದಕ್ಕೆ. ಇಂಥ ಮನೆಗೆ ಹೆಣ್ಣು ಕೊಡುವುದಿಲ್ಲವೆಂದು ರಾಜಪ್ಪ ಅಲ್ಲೇ ತೀರ್ಮಾನಿಸಿದರು.

ನಯನ ಮಜ್ಜಿಗೆ ತಂದಳು.

“ಇದು ನಮ್ದಲ್ಲ,” ಎಂದರು.

ಅವಳು ಬ್ಯಾಟರಿಯ ಕಡೆ ನೋಡಲಿಲ್ಲ. “ಗೊತ್ತೈತಿ ಅಪ್ಪಾಜಿ.”

ಬದಲಿಸಿದ ದಿನವೇ ತೀರ್ಥೇಶ ಅವಳಿಗೆ ತಿಳಿಸಿದ್ದನಂತೆ. ಅತಿಥಿಗಳು ಹೋದ ಮೇಲೆ ಸದ್ದಿಲ್ಲದೆ ತಂದಿಡುವೆನೆಂದಿದ್ದ, ಇವಳು ಒಪ್ಪಿದ್ದಳು. ನಾಳೆ ಒಂದೇ ಮನೆಯಾಗುವವರು, ಯಾರಲ್ಲಿದ್ದರೇನು ಎಂದು ಕೇಳಿದಳು.

“ಕೇಳಿದ್ರ ನಾನ ಕೊಡತಿದ್ದೆ.”

“ಕೊಡತಿದ್ರಿ. ಆಮ್ಯಾಲ ನನ್ನ ಬಾಣಂತನದ ತನಕ ಅದನ್ನ ಆಡಿ ತೋರಸತಿದ್ರಿ.”

ರಾಜಪ್ಪ ಮಜ್ಜಿಗೆಯ ಲೋಟವನ್ನು ಮುಟ್ಟಲಿಲ್ಲ. ಅವಳು ಹೇಳಿದ್ದು ಸುಳ್ಳಲ್ಲ. ಅದು ನಿಜವೆಂಬ ಕಾರಣಕ್ಕೆ ಆ ಕಳ್ಳತನ ಕಡಿಮೆಯಾಗುವುದೂ ಇಲ್ಲ.

“ಆ ಮನ್ಯಾಗ ಹಿಂಗ ನಡೀತೈತಿ. ಬೇಕೇನು ನಿನಗ?”

“ಬೇಕು,” ಎಂದಳು ನಯನ.

ಟವೆಲಿನಿಂದ ಕೈ ಒರೆಸಿಕೊಳ್ಳುತ್ತ ಬಂದ ತೀರ್ಥೇಶ, ಮಾವನ ಕೈಯಲ್ಲಿದ್ದುದನ್ನು ಕಂಡು ನಿಂತ. ರಾಜಪ್ಪ ಅದನ್ನು ಅವನತ್ತ ಚಾಚಿದರು. ಅವನು ಬಾಯಿ ತೆರೆಯುವ ಮೊದಲೇ ನಯನ ಮಾತಾಡಿದಳು.

“ಗಡಿಬಿಡ್ಯಾಗ ಅದಲುಬದಲಾಗೈತಂತ ಅಪ್ಪಾಜಿ. ನಾಳೆ ತಂದುಕೊಡ್ತಾರ.”

“ಹೌದು ಮಾವ. ಹಂಗೇ ಆಗಿದ್ದು,” ಎಂದ ತೀರ್ಥೇಶ.

ಆ ಹುಡುಗನ ಸುಳ್ಳು ಒರಟಾಗಿತ್ತು. ಅದನ್ನು ಅಂಗೈಯಿಂದ ಮುಚ್ಚಬೇಕಾಗಿತ್ತು. ಮಗಳದು ಹಾಗಿರಲಿಲ್ಲ. ದನಿ ನಡುಗಲಿಲ್ಲ, ಕಣ್ಣು ಕದಲಲಿಲ್ಲ. ನಿಜವೇನೆಂದು ತಾನೇ ಈಗಷ್ಟೆ ಯಾರಿಗೆ ಹೇಳಿದ್ದಳೋ ಆ ತಂದೆಯ ಎದುರಿಗೇ ಅದನ್ನು ಮಡಚಿ ಬದಿಗಿಟ್ಟಿದ್ದಳು. ಹುಳುಗಳನ್ನು ಕಂಡಾಗ ಆಗದಷ್ಟು ಹೇಸಿಗೆ ರಾಜಪ್ಪನವರಿಗೆ ಈಗಾಯಿತು.

ಜೇಬಿನಲ್ಲಿ ಫೋನು ಬಡಿದುಕೊಂಡಿತು. ಶಾಮಿಯಾನದ ಹರೀಶ, ಕಂಬಗಳನ್ನು ಗಾಡಿಗೆ ಹೇರಿಯಾಗಿದೆ, ತರಲೇ ಎಂದು ಕೇಳುತ್ತಿದ್ದ. ರಾಜಪ್ಪ ಫೋನನ್ನು ಕಿವಿಯಲ್ಲಿಟ್ಟುಕೊಂಡು ಮಗಳನ್ನು ನೋಡಿದರು. ನಯನ ತಂದೆಯ ತುಟಿಗಳನ್ನೇ ನೋಡುತ್ತಿದ್ದಳು. ಆ ಕಡೆ ಹರೀಶ ಹಲೋ ಹಲೋ ಎಂದ.

“ತಗೊಂಡು ಬಾ,” ಎಂದರು.

ಗಾಡಿ ಬರಲು ಅಂಗಳ ಖಾಲಿಯಾಗಬೇಕಿತ್ತು. ಯಂತ್ರವನ್ನು ಜಗುಲಿಗೇರಿಸಲು ರಾಜಪ್ಪ ಒಂದು ಬದಿ ಹಿಡಿದರು. ತೀರ್ಥೇಶ ಇನ್ನೊಂದು ಬದಿ ಹಿಡಿದ. ಅಡಿಯಿಂದ ಕೊಳೆನೀರು ಇಬ್ಬರ ಕಾಲ ಮೇಲೂ ತೊಟ್ಟಿಕ್ಕುತ್ತಿತ್ತು. ತೀರ್ಥೇಶ ಹಿಮ್ಮುಖವಾಗಿ ನಡೆಯುತ್ತಿದ್ದ.

“ಹಿಂದ ಮೆಟ್ಟಿಲೈತಿ,” ಎಂದರು ರಾಜಪ್ಪ. “ನೋಡಿ ಇಡ್ರಿ ಕಾಲು.”

ತೀರ್ಥೇಶ ಒಂದು ಕಾಲನ್ನು ಹಿಂದಕ್ಕೆ ಚಾಚಿ ಮೆಟ್ಟಿಲಿಗಾಗಿ ತಡವರಿಸಿದ. ಅದು ಸಿಗುವವರೆಗೂ ರಾಜಪ್ಪ ಭಾರ ಹಿಡಿದು ನಿಂತರು.