ಠಾಕುರ್ಲಿಯಲ್ಲಿ ಇಳಿಯುವ ರೀತಿ

ಐವತ್ತರ ಹತ್ತಿರ ಬಂದ ಗಂಡಸಿಗೆ ಹುಚ್ಚು ಹಿಡಿಯುವುದಾದರೆ ಭಜನೆಯ ಹುಚ್ಚು ಹಿಡಿಯಬೇಕು, ಇಲ್ಲದಿದ್ದರೆ ಯೋಗಾಸನದ್ದು. ನಮ್ಮ ಇವರಿಗೆ ಹಿಡಿದದ್ದು ಸ್ಕೀಯಿಂಗ್ ಹುಚ್ಚು. ಕಾಲಿಗೆ ಎರಡು ಉದ್ದ ಹಲಗೆ ಕಟ್ಟಿಕೊಂಡು ಹಿಮದ ಗುಡ್ಡದಿಂದ ಕೆಳಗೆ ಜಾರುವುದಂತೆ. ಅದೂ ಮುಂಬಯಿ ಹೊರಗಿನ ಈ ಠಾಕುರ್ಲಿಯಲ್ಲಿ ಮನೆ ಮಾಡಿಕೊಂಡಿರುವ ಮನುಷ್ಯನಿಗೆ!

ಹೇಳಬೇಕೆಂದರೆ ಅದು ಹಳೇ ಹುಚ್ಚು. ನನ್ನ ಮಾವ ಉಡುಪಿ ಕಡೆಯಿಂದ ಮನಾಲಿಗೆ ಹೋಗಿ ಅಲ್ಲೊಂದು ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದರು. ಮಗ ಯೋಗೀಶ್, ಅಂದರೆ ನಮ್ಮ ಇವರು, ಊರ ಹುಡುಗರ ಜೊತೆ ಸೇರಿ ಹಿಮದಲ್ಲಿ ಜಾರುವುದನ್ನು ಕಲಿತದ್ದು ಅಲ್ಲಿ. ಮೀಸೆ ಚಿಗುರುವ ಮೊದಲೇ ಒಂದು ದಿನ ಬಿದ್ದು ಬಲಗಾಲು ಮುರಿದುಕೊಂಡರು. ಮಾವ ಸಿಟ್ಟಿನಲ್ಲಿ ಮಗನನ್ನು ಡೊಂಬಿವಲಿಯ ಚಿಕ್ಕಪ್ಪನ ಮನೆಗೆ ಸಾಗಹಾಕಿದರು. ಮಳೆಗಾಲ ಬಂತೆಂದರೆ ಆ ಕಾಲು ಇಷ್ಟು ವರ್ಷವಾದರೂ ನೋಯುತ್ತಿತ್ತು. ಆದರೂ ಇವರು ಠಾಣೆಯ ಹೋಟೆಲಿನಲ್ಲಿ ಮ್ಯಾನೇಜರ್ ಆಗಿ ಬೆಳಗಿನಿಂದ ಸಂಜೆಯವರೆಗೆ ಅದೇ ಕಾಲಿನ ಮೇಲೆ ನಿಂತು ನಮ್ಮನ್ನು ಸಾಕಿದವರು.

ಕಿಡಿ ಹಚ್ಚಿದ್ದು ಮಗಳು ಪ್ರೇಕ್ಷಾ. ಐರೋಲಿಯಲ್ಲಿ ಸ್ಕೀಯಿಂಗ್ ಕಲಿಸುವ ಜಾಗವೊಂದು ಶುರುವಾಗಿದೆ ಎಂದು ಮೊಬೈಲ್ ತೋರಿಸಿದಳು.

"ಪಪ್ಪಾ, ಬಚ್‌ಪನ್ ಕಾ ಸಪ್ನಾ ಹೈ ನಾ? ಫಿರ್ ಸೇ ಸೀಖೋ. ಜನವರೀ ಮೇ ಹಮ್ ದೋನೋ ಮನಾಲಿ ಜಾಯೇಂಗೇ!" ಚಿಕ್ಕಂದಿನ ಕನಸಂತೆ, ಮತ್ತೆ ಕಲಿಯಬೇಕಂತೆ, ಜನವರಿಯಲ್ಲಿ ಅಪ್ಪ ಮಗಳು ಮನಾಲಿಗೆ ಹೋಗುವುದಂತೆ!

"ಒಂದು ಸಲ ಮುರಿದುಕೊಂಡದ್ದು ಸಾಕಾಗಲಿಲ್ವಾ ನಿಮಗೆ?" ಎಂದು ನಾನು ರೇಗಿದೆ.

"ಮಾರಾಯ್ತಿ, ಆಗ ಕಲಿಸುವವರು ಯಾರಿದ್ರು? ಈಗ ಸರಿಯಾಗಿ ಕ್ಲಾಸಿಗೆ ಹೋಗಿ ಕಲೀತೇನೆ. ಎಂತ ಆಗ್ತದೆ?"

ಎಂತ ಆಗುತ್ತದೆ ಎಂದು ನನಗೇನು ಗೊತ್ತು? ಆದರೆ ಆ ಮಾತು ಕೇಳಿದ ಕ್ಷಣದಿಂದ ನನಗೆ ಹೆದರಿಕೆ ಶುರುವಾಯಿತು. ಅವತ್ತು ಮುರಿದು ಅರ್ಧಕ್ಕೆ ಬಿಟ್ಟ ಆ ಕಾಲನ್ನು ಮನಾಲಿಯ ಗುಡ್ಡ ಮತ್ತೆ ಕೇಳುತ್ತಿದೆ ಎಂದೇ ಅನ್ನಿಸುತ್ತಿತ್ತು.

ಮೊದಲ ಕ್ಲಾಸಿಗೆ ನಾನೂ ಹೋದೆ. ದೊಡ್ಡ ಶೆಡ್ಡು, ಒಳಗೆ ಬಿಳಿ ಜಮಖಾನೆ ಹಾಸಿದ ಇಳಿಜಾರು. ಸ್ವಿಚ್ ಒತ್ತಿದರೆ ಜಮಖಾನೆ ಎಸ್ಕಲೇಟರಿನ ಹಾಗೆ ಮೇಲಕ್ಕೆ ಓಡುತ್ತದೆ, ಅದರ ಮೇಲೆ ನಿಂತವರು ಕೆಳಗೆ ಜಾರುತ್ತ ಇದ್ದಲ್ಲೇ ಇರಬೇಕು. ಕಲಿಸುವವನು ಕೌಶಲ್, ಹಿಮಾಚಲದ ಹುಡುಗ. ಜಮಖಾನೆ ಓಡಿದ್ದೇ ತಡ, ಇವರು ಬೆನ್ನು ಹಿಂದಕ್ಕೆ ಹಾಕಿದರು. ಹಲಗೆಗಳು ಮುಂದೆ ಜಾರಿ, ಇವರು ಧೊಪ್ಪೆಂದು ಕೂತರು.

ಕೌಶಲ್ ನಕ್ಕ. "ಅಂಕಲ್, ಚಲ್ತೀ ಲೋಕಲ್ ಸೇ ಉತರ್ತೇ ಹೋ ಕ್ಯಾ? ಇಧರ್ ಸಬ್ ಲೋಗ್ ಐಸೇ ಹೀ ಪೀಛೇ ಝುಕ್ತೇ ಹೈ."

ಓಡುವ ಲೋಕಲ್ ಗಾಡಿಯಿಂದ ಇಳಿಯುವವರೆಲ್ಲ ಹೀಗೇ ಹಿಂದಕ್ಕೆ ವಾಲುತ್ತಾರೆ ಎಂದು ಅವನು ಹೇಳಿದ್ದು ಸುಳ್ಳಲ್ಲ. ಠಾಕುರ್ಲಿಯಲ್ಲಿ ಇವರು ಗಾಡಿ ನಿಂತ ಮೇಲೆ ಇಳಿದದ್ದನ್ನು ನಾನು ಕಂಡದ್ದೇ ಇಲ್ಲ. ಸೇತುವೆಯ ಮೆಟ್ಟಿಲಲ್ಲಿ ಜನ ತುಂಬುವ ಮೊದಲು ಓಡಿ ರಿಕ್ಷಾ ಹಿಡಿಯಬೇಕಲ್ಲ! ಮದುವೆಯಾದ ಹೊಸತರಲ್ಲಿ ನನಗೂ ಪಾಠ ಮಾಡಿದ್ದರು: "ಕಾಲು ಗಾಡಿ ಹೋಗುವ ದಿಕ್ಕಿಗೇ ಓಡಬೇಕು, ಬೆನ್ನು ಮಾತ್ರ ಹಿಂದೆ ಇರಬೇಕು. ಎದೆ ಮುಂದೆ ಹೋಯ್ತೋ, ಮುಖ ಅಡಿಯಾಗಿ ಬೀಳ್ತಿ." ನಾನು ಬೈದೆನೇ ಹೊರತು ಕಲಿಯಲಿಲ್ಲ. ಇವರೂ ಬಿಡಲಿಲ್ಲ.

ಕೌಶಲ್ ಹೇಳಿಕೊಟ್ಟದ್ದು ಅದಕ್ಕೆ ಪೂರ್ತಿ ಉಲ್ಟಾ. ಹಿಮದಲ್ಲಿ ಹೆದರಿದವನು ಹಿಂದಕ್ಕೆ ವಾಲುತ್ತಾನೆ, ವಾಲಿದವನು ಬೀಳುತ್ತಾನೆ. ಮೊಣಕಾಲು ಬಾಗಿಸಿ, ಎದೆಯನ್ನು ಇಳಿಜಾರಿನ ಕಡೆಗೆ ಕೊಟ್ಟುಬಿಡಬೇಕು. "ಸೀನಾ ಆಗೇ, ಅಂಕಲ್! ವೋ ಲೋಕಲ್ ವಾಲೀ ಆದತ್ ಭೂಲ್ ಜಾವೋ!"

ಭೂಲ್ ಜಾವೋ, ಲೋಕಲ್ ಗಾಡಿಯ ಅಭ್ಯಾಸ ಮರೆತುಬಿಡಿ ಎಂದರೆ ಸುಲಭವಾ? ಆದರೆ ಇವರು ಹಟ ಹಿಡಿದರು. ರಜೆ ಸಿಕ್ಕ ಮಂಗಳವಾರವೆಲ್ಲ ಐರೋಲಿ. ಮನೆಯಲ್ಲಿ ಹಲ್ಲುಜ್ಜುವಾಗ ಮೊಣಕಾಲು ಬಾಗಿಸಿ ಎದೆ ಮುಂದೆ. ಚಹಾ ಕುದಿಯುವವರೆಗೆ ಗ್ಯಾಸಿನ ಮುಂದೆ ಅದೇ ಭಂಗಿ. ಕೋಳಿ ಜಗಳಕ್ಕೆ ನಿಂತ ಹಾಗೆ ಕಾಣುತ್ತಿದ್ದರು. ನಾನು ನಗುತ್ತಿದ್ದೆ, ಒಳಗೊಳಗೆ ಸಾಯುತ್ತಿದ್ದೆ. ಇವರು ಅಷ್ಟು ಖುಷಿಯಾಗಿದ್ದದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಬೇಡ ಎನ್ನಲು ಬಾಯಿ ಬರುತ್ತಿರಲಿಲ್ಲ.

ಕಡೆಗೆ ಊರಿನ ದೈವಕ್ಕೆ ಹರಕೆ ಹೇಳಿಕೊಂಡೆ. ದೇವರ ಮುಂದೆ ದೀಪ ಹಚ್ಚಿ, ತುಳುವಿನಲ್ಲಿ, ಬಿಡಿಸಿ ಬಿಡಿಸಿ ಹೇಳಿದೆ: ಆ ಹಿಮದ ಗುಡ್ಡದಿಂದ ನನ್ನ ಗಂಡ ಎರಡೂ ಕಾಲಲ್ಲಿ ನಡೆದು ವಾಪಸ್ ಬರಲಿ, ಊರಿಗೆ ಬಂದು ತಂಬಿಲದ ಸೇವೆ ಕೊಡಿಸುತ್ತೇನೆ ಎಂದು. ನಮ್ಮಲ್ಲಿ ಹರಕೆ ಹೇಳುವಾಗ ಜಾಗ, ಕಾರಣ ಎಲ್ಲ ಸರಿಯಾಗಿ ಹೇಳಬೇಕು.

ಆಮೇಲೆ ಸಣ್ಣ ಸಣ್ಣ ಸಂಗತಿಗಳು ನಡೆದವು. ಸ್ಟೇಷನ್ ಸೇತುವೆ ಇಳಿಯುವಾಗ ಇವರು ಮುಂದಿದ್ದವರ ಬೆನ್ನ ಮೇಲೆ ಬಿದ್ದು ಬೈಸಿಕೊಂಡರು. ಕಲ್ಯಾಣದ ಬಸ್ಸಿನಲ್ಲಿ ಡ್ರೈವರ್ ಬ್ರೇಕ್ ಹಾಕಿದ. ಇಷ್ಟು ವರ್ಷ ಬಸ್ಸಿನಲ್ಲಿ ಕಂಬದ ಹಾಗೆ ನಿಲ್ಲುತ್ತಿದ್ದ ಮನುಷ್ಯ ಮುಗ್ಗರಿಸಿ ಸೀಟಿನ ಸರಳಿಗೆ ಹಣೆ ಬಡಿಸಿಕೊಂಡರು.

"ನೋಡಿದಿಯಾ, ಮೈ ಕಲ್ತುಬಿಟ್ಟಿದೆ!" ಎಂದು ಹಣೆ ಉಜ್ಜಿಕೊಳ್ಳುತ್ತ ನಕ್ಕರು.

ಆಗಲೂ ನನ್ನ ಮಂಡೆಗೆ ಬಂದದ್ದು ಮನಾಲಿಯೇ. ಟಿಕೆಟ್ ಕ್ಯಾನ್ಸಲ್ ಮಾಡಿಸಲಾ ಎಂದು ಯೋಚಿಸಿದೆ.

ಕೊನೆಯ ಕ್ಲಾಸಿಗೆ ಮತ್ತೆ ನಾನೂ ಹೋದೆ, ಅವತ್ತು ಇವರು ಒಂದು ಸಲವೂ ಬೀಳಲಿಲ್ಲ. ಇನ್ನು ಯೋಚಿಸಬೇಕಾಗಿಲ್ಲ, ಮೈಗೇ ಗೊತ್ತಿದೆ ಎಂದು ಕೌಶಲ್ ಚಪ್ಪಾಳೆ ತಟ್ಟಿದ. "ಅಬ್ ಸೋಚನಾ ನಹೀ ಪಡೇಗಾ ಅಂಕಲ್. ಬಾಡಿ ಕೋ ಪತಾ ಹೈ."

ವಾಪಸ್ ಬರುತ್ತ ಠಾಣೆಯಲ್ಲಿ ಇಳಿದು ಅಪ್ಪ ಮಗಳಿಗೆ ದಪ್ಪ ಜಾಕೆಟ್ ತಗೊಂಡೆವು. ಕಲ್ಯಾಣದ ಸ್ಲೋ ಲೋಕಲ್ ಬಂತು. ನಾನು ಲೇಡೀಸ್ ಡಬ್ಬಾ ಹತ್ತಿದೆ, ಇವರು ಅದರ ಮುಂದಿನ ಡಬ್ಬಾ. ಡೊಂಬಿವಲಿ ದಾಟಿದ ಮೇಲೆ ನಾನು ಬಾಗಿಲಿಗೆ ಬಂದೆ. ಮಧ್ಯಾಹ್ನದ ಬಿಸಿಲು, ಜನ ಕಡಿಮೆ. ಠಾಕುರ್ಲಿಯ ಪ್ಲಾಟ್‌ಫಾರ್ಮ್ ಬಂತು. ಮುಂದಿನ ಬಾಗಿಲಲ್ಲಿ ಇವರು ಕಂಡರು, ಕೈಯಲ್ಲಿ ಜಾಕೆಟ್ಟಿನ ಚೀಲ.

ಮೊಣಕಾಲು ಬಾಗಿತ್ತು. ಎದೆ ಮುಂದಿತ್ತು.

ಅಯ್ಯೋ ದೇವರೇ! ಇಷ್ಟು ದಿನ ನಾನು ಕಾವಲು ಕಾದದ್ದು ತಪ್ಪು ಜಾಗದಲ್ಲಿ ಎಂದು ಆಗ ಗೊತ್ತಾಯಿತು.

"ಬೆನ್ನು ಹಿಂದೆ!" ಎಂದು ಕಿರುಚಿದೆ. "ಇವರೇ, ಬೆನ್ನು ಹಿಂದೆ!"

ಗಾಳಿಗೆ ಮಾತು ಹಾರಿಹೋಯಿತು. ಇವರು ಎಂದಿನ ಹಾಗೆ ಓಡುವ ಗಾಡಿಯಿಂದ ಇಳಿದರು, ಕೌಶಲ್ ಕಲಿಸಿದ ಹಾಗೆ. ಮುಖ ಅಡಿಯಾಗಿ ಬಿದ್ದರು, ಉರುಳಿದರು. ಬಲಗಾಲು ಗಾಡಿಗೂ ಪ್ಲಾಟ್‌ಫಾರ್ಮಿಗೂ ನಡುವಿನ ಸಂದಿಗೆ ಹೋಯಿತು. ನನ್ನ ಡಬ್ಬಾ ಅವರನ್ನು ದಾಟಿದ ಮೇಲೆಯೇ ಗಾಡಿ ನಿಂತದ್ದು.

ಕಲ್ಯಾಣದ ಆಸ್ಪತ್ರೆಯಲ್ಲಿ ಡಾಕ್ಟರು ಮೊಣಕಾಲಿನ ಕೆಳಗೆ ಏನೂ ಉಳಿಸಲಾಗಲಿಲ್ಲ ಎಂದರು. ಪ್ರೇಕ್ಷಾ ಗೋಡೆಗೆ ಒರಗಿ "ಮೈನೇ ಹೀ ಬೋಲಾ ಥಾ, ಅಮ್ಮಾ" ಎಂದು, ಕಲಿಯಲು ಹೇಳಿದ್ದು ತಾನೇ ಎಂದು ಅಳುತ್ತಿದ್ದಳು. ಅವಳನ್ನು ತಬ್ಬಿಕೊಂಡರೂ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಹರಕೆಯೇ. ಹಿಮದ ಗುಡ್ಡ ಎಂದು ಬಿಡಿಸಿ ಹೇಳಿದ್ದೆನಲ್ಲ. ಠಾಕುರ್ಲಿ ಎಂದು ಯಾರು ಹೇಳಿಕೊಳ್ಳುತ್ತಾರೆ?

ಮರುದಿನ ಇವರು ಕಣ್ಣು ಬಿಟ್ಟರು. ಔಷಧಿಯ ಮಂಪರು, ಕಾಲು ಹೋದ ವಿಷಯ ಯಾರೂ ಇನ್ನೂ ಹೇಳಿರಲಿಲ್ಲ.

"ವಿಮಲಾ, ಬಿದ್ದೆ ಅಲ್ವಾ?"

"ಹ್ಞೂಂ."

"ಆದ್ರೆ ಸರಿಯಾಗೇ ಬಾಗಿದ್ದೆ. ನೀನು ನೋಡಿದಿಯಲ್ಲ? ಹಿಂದಕ್ಕೆ ವಾಲಲಿಲ್ಲ."

"ಇಲ್ಲ ಮಾರಾಯ್ರೆ. ಸ್ವಲ್ಪವೂ ವಾಲಲಿಲ್ಲ."

"ಹಾಗಾದ್ರೆ ಜನವರಿಗೆ ತೊಂದರೆ ಇಲ್ಲ," ಎಂದರು. ಮುಖದಲ್ಲಿ ನಗು ಬಂತು. "ಈ ಬಲಗಾಲು ಮಾತ್ರ ಯಾಕೋ ತುಂಬ ನೋಯ್ತಾ ಉಂಟು. ಸ್ವಲ್ಪ ಒತ್ತು."

ಉಜ್ಜಿಕೊಳ್ಳಲು ಹೊದಿಕೆಯ ಕಡೆಗೆ ತಾವೇ ಕೈ ಚಾಚಿದರು. ನಾನು ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ, ಕೆಳಗೆ ಹೋಗಲು ಬಿಡಲಿಲ್ಲ.