ಅಮ್ಮನ ಹೆಸರಲ್ಲಿ ಉಳಿದಿದ್ದ ಜಾಗ

ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವವಳಿಗೆ ಹೇಸಿಗೆಯೇ ಹೊಟ್ಟೆಪಾಡು. ರಕ್ತ, ಕೀವು, ವಾಂತಿ ಎಲ್ಲವನ್ನೂ ಇಪ್ಪತ್ತೊಂದು ವರ್ಷ ಒಗೆದು, ಮಡಚಿ, ಕಟ್ಟು ಕಟ್ಟಿ ಕಳಿಸಿದ ಆಕೆಗೆ ಮೂಗು ಮುಚ್ಚಿಕೊಳ್ಳುವ ಅಭ್ಯಾಸವೇ ತಪ್ಪಿಹೋಗಿತ್ತು. ಆದರೆ ಆ ದಿನ ಲೆಕ್ಕ ನೋಡುವ ಮೈದುನ ಎದುರಿಗೆ ಕೂತು ಇನ್ನೊಂದು ತೆರಿಗೆಯ ಮಾತು ತೆಗೆದಾಗ ಅವಳು ಸೆರಗನ್ನು ಮೂಗಿಗೆ ಒತ್ತಿಕೊಂಡಳು.

ಲಾಂಡ್ರಿ ಅವಳೂ ಗಂಡನೂ ಸೇರಿ ಕಟ್ಟಿದ್ದು. ಮೂರು ಯಂತ್ರ, ಒಂಬತ್ತು ಕೆಲಸದವರ ಪುಟ್ಟ ಕಂಪನಿ. ಗಂಡ ಸತ್ತ ಮೇಲೆ ಷೇರುಗಳೆಲ್ಲ ಅವಳ ಹೆಸರಿಗೆ ಬಂದವು. ಆರು ವರ್ಷ ಲಾಭವನ್ನೆಲ್ಲ ಯಂತ್ರಗಳ ಸಾಲಕ್ಕೇ ಸುರಿದಿದ್ದಳು. ಈಗ ಅತ್ತೆಗೆ ನೆನಪು ಪೂರಾ ಹೋಗಿ, ಹಗಲು ನೋಡಿಕೊಳ್ಳಲು ಒಬ್ಬಳನ್ನು ಗೊತ್ತುಮಾಡಲೇಬೇಕಿತ್ತು. ಅದಕ್ಕೆಂದೇ ಮೊದಲ ಬಾರಿ ಲಾಭಾಂಶಕ್ಕೆ ಕೈ ಹಾಕಿದ್ದಳು.

"ಲಾಭದ ಮೇಲೆ ಟ್ಯಾಕ್ಸ್ ಕಟ್ಟಾಯ್ತಲ್ಲ, ಇನ್ಯಾವುದು ಇದು?" ಎಂದಳು.

"ಅದು ಕಂಪನಿ ಕಟ್ಟಿದ್ದು ಅತ್ತಿಗೆ. ಈಗ ಡಿವಿಡೆಂಡ್ ಅಂತ ನಿಮ್ಮ ಕೈಗೆ ಬರುತ್ತಲ್ಲ, ಅದಕ್ಕೆ ನೀವು ಕಟ್ಟಬೇಕು."

"ಕಂಪನಿ ಅಂದ್ರೆ ಯಾರಪ್ಪ, ನಾನೇ ಅಲ್ವಾ? ಒಂದೇ ಕುರಿಗೆ ಎರಡು ಸಲ ಕತ್ತರಿ ಹಾಕಿದ್ರೆ ಎರಡನೇ ಸಲ ಬರೋದು ಉಣ್ಣೆ ಅಲ್ಲ, ಚರ್ಮ."

"ಕಾನೂನಿಗೆ ನೀವೇ ಬೇರೆ, ಕಂಪನಿನೇ ಬೇರೆ."

"ಬಾಯ್ಲರ್ ಒಡೆದಾಗ ನನ್ನ ಒಡವೆ ಅಡ ಇಟ್ಟೆನಲ್ಲ, ಆಗ ಯಾರಿಗೂ ಬೇರೆ ಅನ್ನಿಸ್ಲಿಲ್ವಲ್ಲ!"

ಮೈದುನ ನಕ್ಕು ಕುರ್ಚಿಯನ್ನು ಹತ್ತಿರ ಎಳೆದುಕೊಂಡ. ಒಂದು ದಾರಿ ಇದೆ ಎಂದ. ಅರ್ಧ ಷೇರು ತನ್ನ ಅಮ್ಮನ, ಅಂದರೆ ಅವಳ ಅತ್ತೆಯ, ಹೆಸರಿಗೆ ಬರೆದುಬಿಡುವುದು. ಅಮ್ಮನಿಗೆ ಬೇರೆ ವರಮಾನವಿಲ್ಲ, ಒಂದು ಮಿತಿಯವರೆಗೆ ತೆರಿಗೆಯೂ ಇಲ್ಲ. "ನಿಮ್ಮದೊಂದು, ಅಮ್ಮನದೊಂದು ಸಹಿ ಸಾಕು. ಎಲ್ಲರೂ ಮಾಡೋದೇ ಅತ್ತಿಗೆ, ನೀವೊಬ್ರೇ ಸತ್ಯಸಂಧರಾಗ್ಬೇಡಿ."

ಆಕೆ ಸಿಟ್ಟಿನಲ್ಲೇ ಕೆಳಗಿಳಿದು ಇಸ್ತ್ರಿ ಮೇಜಿನ ಹತ್ತಿರ ನಿಂತಳು. ಇಸ್ತ್ರಿಯವಳು ಮೊದಲ ದಿನದಿಂದ ಇದ್ದವಳು. ಎಲ್ಲವನ್ನೂ ಕೇಳಿಸಿಕೊಂಡು ತಲೆದಿಂಬಿನ ಚೀಲ ತಿರುವಿ ಹಾಕಿದಳು.

"ನನ್ನ ಸಂಬಳದಲ್ಲಿ ಕೈಗೆ ಬರೋ ಮುಂಚೆನೇ ವೃತ್ತಿ ತೆರಿಗೆ ಅಂತ ಹಿಡ್ಕೊಂಡು ಕೊಡ್ತೀರ ಅಕ್ಕ. ಇದು ನ್ಯಾಯನಾ ಅಂತ ಯಾರೂ ನನ್ನ ಕೇಳಿಲ್ಲ."

"ನಿಂದು ಒಂದು ಸಲ ಕಣೇ. ನಂದು ಎರಡು ಸಲ."

"ಇರಬೌದು. ಆದ್ರೆ ನಾಳೆ ಈ ಅಂಗಡಿ ಮಾರಿದ್ರೆ ದುಡ್ಡು ನಿಮಗೆ. ನಂಗೆ ಬೆನ್ನುನೋವು."

ಆಕೆಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಮೈದುನ ಕಾಗದ ತಂದಾಗ ಬೇಡ ಎನ್ನದೆ ಅತ್ತೆಯ ಕೋಣೆಗೆ ಕರೆದುಕೊಂಡು ಹೋದಳು.

ಅತ್ತೆಗೆ ಮಗನ ಗುರುತು ಸಿಗಲಿಲ್ಲ. ಆದರೆ ಪೆನ್ನು ಕೊಟ್ಟ ಕೂಡಲೇ ಕೈ ತಾನಾಗಿ ಎದ್ದಿತು. ಲಾಂಡ್ರಿಯ ಶುರುವಿನ ವರ್ಷಗಳಲ್ಲಿ ಆಸ್ಪತ್ರೆಯ ರಸೀದಿಗಳಿಗೆ ಸಹಿ ಹಾಕುತ್ತಿದ್ದ ಕೈ ಅದು. ಬಾಲದ ಸಮೇತ ಚೆಂದದ ಸಹಿ ಬಿತ್ತು.

"ಇನ್ನೆಲ್ಲಿ?" ಎಂದು ಅತ್ತೆ ಕೇಳಿದರು, ಮೇಷ್ಟ್ರ ಮುಂದೆ ನಿಂತ ಹುಡುಗಿಯ ಹಾಗೆ. ಕಾಗದವಿಲ್ಲದ ಕಡೆಯೂ, ಹೊದಿಕೆಯ ಮೇಲೂ ಸಹಿ ಹಾಕತೊಡಗಿದರು.

ಮೈದುನ ಪೆನ್ನು ಕಿತ್ತುಕೊಂಡು ಚೀಲದ ಕಡೆ ಬಗ್ಗಿದ. "ಒಂದು ಮಾತು ಅತ್ತಿಗೆ. ಈ ವರ್ಷ ನಿಮಗೆ ಸ್ವಲ್ಪನೇ ಸಿಗುತ್ತೆ. ಅಮ್ಮನ ಹೆಸರಲ್ಲಿ ಈಗಾಗ್ಲೇ ನಂದು ಒಂದಿಷ್ಟು ಕೂತಿದೆ. ಟ್ಯಾಕ್ಸ್ ಇಲ್ಲದ ಮಿತಿಯಲ್ಲಿ ಇನ್ನೂ ಜಾಗ ಇದೆ, ಹಂಚ್ಕೊಳ್ಳೋಣ."

"ನಿಂದು ಏನು ಕೂತಿದೆ?"

"ನಂದೂ ಒಂದು ಕಂಪನಿ ಇದೆಯಲ್ಲ, ಅದರಲ್ಲಿ ಅಮ್ಮ ಡೈರೆಕ್ಟರ್. ಮೂರು ವರ್ಷದಿಂದ ಸಂಬಳ ಹೋಗ್ತಿದೆ. ಸುಮ್ನೆ ಕಾಗದದ ಮೇಲೆ."

ಆಕೆ ಅತ್ತೆಯ ಕಡೆ ನೋಡಿದಳು. ಆ ಮೂರು ವರ್ಷಗಳಲ್ಲಿ ಮಲಮೂತ್ರ ಬಳಿದವಳು ತಾನು. ಡೈಪರಿಗೆಂದು ಒಮ್ಮೆ ಕೇಳಿದಾಗ ಇದೇ ಮೈದುನ, "ಕೈ ಬಿಗಿಯಾಗಿದೆ ಅತ್ತಿಗೆ" ಎಂದಿದ್ದ. ಹೆತ್ತ ತಾಯಿ ಅವನಿಗೆ ಬಾಡಿಗೆಗೆ ಕೊಡಬಹುದಾದ ಗೋದಾಮು. ತಾನೂ ಈಗ ಅದೇ ಗೋದಾಮಿನ ಬಾಗಿಲಲ್ಲಿ ಮೂಟೆ ಹೊತ್ತು ನಿಂತಿದ್ದೇನೆ ಎಂದು ಅನ್ನಿಸಿದಾಗ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಸಹಿಯಾದ ಕಾಗದವನ್ನು ನಾಲ್ಕು ಚೂರು ಮಾಡಿದಳು.

"ತಲೆ ಕೆಟ್ಟಿದೆಯಾ? ಬರೋ ದುಡ್ಡಿಗೆ ಕಲ್ಲು ಹಾಕ್ಕೋತೀರಲ್ಲ!"

"ನಿಮ್ಮಮ್ಮನ ಮೂರು ವರ್ಷದ ಸಂಬಳ ತಂದು ಇಲ್ಲಿಡು. ಆಮೇಲೆ ನನ್ನ ತಲೆ ನೋಡುವಿಯಂತೆ."

ಅವನು ಬಾಗಿಲು ಬಡಿದು ಹೋದ. ಆಕೆ ಬೇರೆ ಲೆಕ್ಕಿಗನನ್ನು ಹಿಡಿದು ತೆರಿಗೆ ಪೂರ್ತಿ ಕಟ್ಟಿದಳು. ಕಟ್ಟುವಾಗ ಹಲ್ಲು ಕಡಿದಳು. ಇದು ಅನ್ಯಾಯವೆಂದು ಇಸ್ತ್ರಿಯವಳ ಹತ್ತಿರ ಮತ್ತೆ ಜಗಳವಾಡಿ ಮತ್ತೆ ಸೋತಳು. ಉಳಿದ ಹಣಕ್ಕೆ ನೋಡಿಕೊಳ್ಳುವವಳು ಅರ್ಧ ದಿನಕ್ಕಷ್ಟೇ ಸಿಕ್ಕಳು.

ಡೈರೆಕ್ಟರ್ ಪಟ್ಟಿಯಿಂದ ಅಮ್ಮನ ಹೆಸರು ತೆಗೆ ಎಂದು ಮೈದುನನಿಗೆ ಎರಡು ಬಾರಿ ಹೇಳಿ ಕಳಿಸಿದಳು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಫೋನ್ ಮಾಡಿ, "ನಾಳೆ ಹನ್ನೊಂದಕ್ಕೆ ನಾನೇ ತೆರಿಗೆ ಕಚೇರಿಗೆ ಹೋಗ್ತೀನಿ, ನಿಮ್ಮಮ್ಮನ್ನೂ ಗಾಲಿಕುರ್ಚಿಯಲ್ಲಿ ಕರ್ಕೊಂಡು" ಎಂದಳು.

ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ ಹೆಸರು ತೆಗೆದ ಕಾಗದ ಅವಳ ಮೇಜಿನ ಮೇಲಿತ್ತು.